ಲೋಟ ಕಚ್ಚಿ ಕುಡಿಯುವ ದಿನಗಳು

ಹೊಟ್ಟೆಯ ಆಮ್ಲ ಮೇಲೆ ಗಂಟಲಿಗೆ ಬರದ ಹಾಗೆ ಮಾಡುವ ಆಪರೇಷನ್ ಆಗಿ ಇವತ್ತಿಗೆ 11 ವಾರ. ಬೆಳಿಗ್ಗೆ ಒಂದು ಲೋಟ ಬಿಸಿನೀರು ಕುಡಿಯಲು ನನಗೆ ಇನ್ನೂ ಹತ್ತು ನಿಮಿಷ ಬೇಕು. ಒಂದು ಗುಟುಕು, ಸ್ವಲ್ಪ ಬಿಡುವು, ಮತ್ತೊಂದು ಗುಟುಕು. ಆದರೆ ರಾತ್ರಿ ಮಲಗಿದರೆ ಬೆಳಗಿನ ತನಕ ಎಚ್ಚರವಾಗುವುದಿಲ್ಲ. ನಾಲ್ಕು ವರ್ಷದಿಂದ ಇಂಥ ನಿದ್ದೆ ಕಂಡಿರಲಿಲ್ಲ. ನನ್ನ ಹಾಗೆ ಯಾರಾದರೂ ಇನ್ಹೇಲರ್ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರೆ ಅವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ಹಾಸನ–ಬೆಂಗಳೂರು ರೂಟ್. ಶಾಂತಿಗ್ರಾಮ, ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ, ಬೆಂಗಳೂರು. ಹದಿನೆಂಟು ವರ್ಷ ಈ ಹೆಸರುಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಒಂದೇ ಉಸಿರಿಗೆ ಕೂಗಿದ್ದೇನೆ. ನಾಲ್ಕು ವರ್ಷದ ಹಿಂದೆ ಹಿರೀಸಾವೆ ಹೊತ್ತಿಗೇ ಉಸಿರು ಸಾಲದೆ ನಿಲ್ಲತೊಡಗಿದೆ. ಸೀಟಿ ಊದಿದರೆ ಕೆಮ್ಮು ಬರುತ್ತಿತ್ತು. ಕೆಮ್ಮು ಶುರುವಾದರೆ ಟಿಕೆಟ್ ಮಷೀನ್ ಹಿಡಿದ ಕೈ ನಡುಗುತ್ತಿತ್ತು. ಹಗಲನ್ನು ಹೇಗೋ ತಳ್ಳಬಹುದಿತ್ತು. ರಾತ್ರಿಯೇ ಕಷ್ಟ. ಎರಡು ಗಂಟೆ ಸುಮಾರಿಗೆ ಯಾರೋ ಗಂಟಲು ಹಿಸುಕಿದ ಹಾಗಾಗಿ ದಡಕ್ಕನೆ ಎದ್ದು ಕೂರುತ್ತಿದ್ದೆ. ಬಾಯಿ ತೆರೆದರೂ ಗಾಳಿ ಒಳಗೆ ಹೋಗದು. ಅರ್ಧ ನಿಮಿಷ ಕಳೆದ ಮೇಲೆ ಕೊರ್ರ್ ಅಂತ ಸದ್ದಾಗಿ ಉಸಿರು ಒಳಗೆ ಬರುತ್ತಿತ್ತು. ನಾಲಿಗೆ ಬುಡದಲ್ಲಿ ಹುಳಿ. ನನ್ನ ಹೆಂಡತಿ ಬೆನ್ನು ತಿಕ್ಕುತ್ತಾ ಕೂರುತ್ತಿದ್ದಳು. ಆ ಅರ್ಧ ನಿಮಿಷದಲ್ಲಿ ಅವಳ ಮುಖ ಹೇಗಿರುತ್ತಿತ್ತು ಅನ್ನುವುದನ್ನು ನಾನು ಮರೆಯುವುದಿಲ್ಲ.

ಎಲ್ಲರೂ ಧೂಳು ಅಂದರು, ಡೀಸೆಲ್ ಹೊಗೆ ಅಂದರು. ಡಾಕ್ಟರು ಆಸ್ತಮಾ ಅಂದರು. ಅವರನ್ನು ದೂರುವುದಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಸುಂಯ್ ಅನ್ನುತ್ತಿತ್ತಲ್ಲ, ಆಸ್ತಮಾ ಅಲ್ಲದೆ ಇನ್ನೇನು ಅಂತ ಯಾರಿಗಾದರೂ ಅನ್ನಿಸುತ್ತದೆ. ಎದೆಯುರಿ ನನಗೆ ಅಷ್ಟಾಗಿ ಇರಲಿಲ್ಲ. ಹಾಗಾಗಿ ಹೊಟ್ಟೆಯ ವಿಷಯ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಎರಡು ಇನ್ಹೇಲರ್, ಜೊತೆಗೆ ಉಸಿರಿನ ಮಾತ್ರೆ. ಆ ಮಾತ್ರೆ ಥಿಯೋಫಿಲಿನ್ ಜಾತಿಯದು. ಅದು ಶ್ವಾಸನಾಳ ಸಡಿಲ ಮಾಡುವ ಹಾಗೆಯೇ ಅನ್ನನಾಳದ ಕೆಳಗಿನ ಬಿಗಿಯನ್ನೂ ಸಡಿಲ ಮಾಡಬಹುದು ಅಂತ ಬಹಳ ತಡವಾಗಿ ತಿಳಿಯಿತು.

ಕೊನೆಗೆ ಬೆಂಗಳೂರಿನ ಒಬ್ಬರು ಎದೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ರಾತ್ರಿ ಊಟ ಎಷ್ಟು ಹೊತ್ತಿಗೆ ಮಾಡ್ತೀರಿ? ಮಲಗೋದು ಎಷ್ಟು ಹೊತ್ತಿಗೆ?"

ಡ್ಯೂಟಿ ಮುಗಿಸಿ, ಲೆಕ್ಕ ಕೊಟ್ಟು ಮನೆಗೆ ಬರುವಾಗ ಹತ್ತೂವರೆ. ಎರಡು ಮುದ್ದೆ, ಸಾರು, ಮೇಲೊಂದಿಷ್ಟು ಅನ್ನ. ಕೈ ತೊಳೆದು ಹದಿನೈದು ನಿಮಿಷಕ್ಕೆ ಹಾಸಿಗೆ. ಇದನ್ನು ಹೇಳಿದ ತಕ್ಷಣ ಅವರು ಪೆನ್ನು ಕೆಳಗಿಟ್ಟರು. "ನಿಮ್ಮ ಉಸಿರಿನ ತೊಂದರೆ ಹೊಟ್ಟೆಯಿಂದ ಬರ್ತಿರಬಹುದು" ಅಂದರು.

ಎಂಡೋಸ್ಕೋಪಿಯಲ್ಲಿ ಹಯಾಟಸ್ ಹರ್ನಿಯಾ ಕಾಣಿಸಿತು. ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇದೆ, ವಪೆ ಅನ್ನುತ್ತಾರೆ. ಅನ್ನನಾಳ ಅದರ ಒಂದು ಕಂಡಿಯ ಮೂಲಕ ಕೆಳಗಿಳಿಯುತ್ತದೆ. ನನಗೆ ಆ ಕಂಡಿ ದೊಡ್ಡದಾಗಿ ಹೊಟ್ಟೆಯ ಮೇಲ್ಭಾಗ ಎದೆಯೊಳಗೆ ಜಾರಿತ್ತು. ಮಲಗಿದರೆ ಆಮ್ಲ ಗಂಟಲ ತನಕ ಬಂದು, ಹನಿ ಹನಿಯಾಗಿ ಶ್ವಾಸನಾಳಕ್ಕೂ ಇಳಿಯುತ್ತಿತ್ತು. ಇನ್ನೊಂದು ದಾರಿಯೂ ಇದೆಯಂತೆ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ಒಂದೇ ನರದ ಸಂಪರ್ಕ. ಆಮ್ಲ ಅನ್ನನಾಳದ ಬುಡವನ್ನು ಮುಟ್ಟಿದರೆ ಸಾಕು, ಆ ನರ ಶ್ವಾಸನಾಳವನ್ನು ಬಿಗಿ ಮಾಡುತ್ತದೆ.

ಆಮ್ಲದ ಮಾತ್ರೆ ಕೊಟ್ಟು ನೋಡಿದರು. ಹುಳಿ ಕಡಿಮೆಯಾಯಿತು, ರಾತ್ರಿಯ ಹಿಸುಕಾಟ ನಿಲ್ಲಲಿಲ್ಲ. ಮಾತ್ರೆ ಹುಳಿಯನ್ನು ತಗ್ಗಿಸುತ್ತದೆ, ಮೇಲೆ ಬರುವುದನ್ನು ತಡೆಯುವುದಿಲ್ಲ. ಆಮೇಲೆ 24 ಗಂಟೆಯ ಪಿಎಚ್ ಪರೀಕ್ಷೆ, ಅಂದರೆ ಅನ್ನನಾಳದಲ್ಲಿ ಎಷ್ಟು ಹೊತ್ತು ಆಮ್ಲ ಇರುತ್ತದೆ ಅಂತ ಅಳೆಯುವುದು. ಅದಕ್ಕೆ ಮುಂಚೆ ಏಳು ದಿನ ಮಾತ್ರೆ ಬಿಡಬೇಕು. ಆ ಏಳು ರಾತ್ರಿ ಗೋಡೆಗೆ ಒರಗಿ ಕೂತೇ ಕಳೆದೆ. ಮೂಗಿನಿಂದ ದಾರದಷ್ಟು ಸಣ್ಣ ನಳಿಗೆ ಇಳಿಸಿ, ಸೊಂಟಕ್ಕೆ ಡಬ್ಬಿ ಕಟ್ಟಿ ಕಳಿಸಿದರು. ಊಟಕ್ಕೊಂದು ಬಟನ್, ಮಲಗಿದ್ದಕ್ಕೊಂದು, ಕೆಮ್ಮಿದ್ದಕ್ಕೊಂದು. ದಿನದ ಶೇ. 4ಕ್ಕಿಂತ ಕಡಿಮೆ ಹೊತ್ತು ಅನ್ನನಾಳದಲ್ಲಿ ಆಮ್ಲ ಇದ್ದರೆ ಸರಿ, ಶೇ. 6 ದಾಟಿದರೆ ಕಾಯಿಲೆ. ನನ್ನದು ಶೇ. 14. ಅಂದರೆ ದಿನಕ್ಕೆ ಮೂರು ಗಂಟೆಗೂ ಹೆಚ್ಚು. ಆಮ್ಲ ಬಂದಾಗ ಗ್ರಾಫ್ ಇಳಿಯುತ್ತದೆ. ಕೆಮ್ಮಿನ ಬಟನ್ ಒತ್ತಿದ ಹೊತ್ತಿಗೂ ಆ ಇಳಿತಕ್ಕೂ ಡಾಕ್ಟರ್ ತಾಳೆ ಹಾಕಿ ತೋರಿಸಿದರು. ಆ ಕಾಗದ ನೋಡಿದಾಗ ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷದ ನಂತರ ಕಾರಣ ಅಂತ ಒಂದು ಸಿಕ್ಕಿತಲ್ಲ.

ಸರ್ಜನ್ ನನ್ನ ಹೆಗಲ ಮೇಲಿದ್ದ ಟವೆಲ್ ತೆಗೆದುಕೊಂಡು ಆಪರೇಷನ್ ವಿವರಿಸಿದರು. ಒಂದು ಕೈಯನ್ನು ಮುಷ್ಟಿ ಮಾಡಿ ನೇರ ಹಿಡಿದು, ಮಣಿಕಟ್ಟಿಗೆ ಟವೆಲನ್ನು ಹಿಂದಿನಿಂದ ಸುತ್ತಿದರು. "ಮಣಿಕಟ್ಟು ಅನ್ನನಾಳದ ತುದಿ, ಟವೆಲ್ಲು ನಿಮ್ಮದೇ ಹೊಟ್ಟೆಯ ಮೇಲ್ಭಾಗ. ಹೀಗೆ ಸುತ್ತಿ ಹೊಲಿಗೆ ಹಾಕ್ತೀವಿ. ಕಂಡಿಯನ್ನೂ ಚಿಕ್ಕದು ಮಾಡ್ತೀವಿ." ಪೂರ್ತಿ ಸುತ್ತುವುದು ಒಂದು ಬಗೆ, 270 ಡಿಗ್ರಿ ಸುತ್ತುವುದು ಇನ್ನೊಂದು. ನನ್ನ ಅನ್ನನಾಳದ ನೂಕುವ ಶಕ್ತಿ ಸ್ವಲ್ಪ ಕಡಿಮೆ ಅಂತ ಮ್ಯಾನೋಮೆಟ್ರಿ ಅನ್ನುವ ಒತ್ತಡದ ಪರೀಕ್ಷೆಯಲ್ಲಿ ಕಂಡದ್ದರಿಂದ ಮುಕ್ಕಾಲು ಸುತ್ತು ಸಾಕು ಅಂದರು. ಅವರು ಹೇಳಿದ ಇನ್ನೊಂದು ಮಾತಿಗೆ ನಾನು ಋಣಿ. "ಎದೆಯುರಿ ಹೋಗುತ್ತೆ ಅಂತ ಧೈರ್ಯವಾಗಿ ಹೇಳ್ತೀನಿ. ಉಸಿರಾಟದ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಲಾರೆ. ಕೆಲವರಿಗೆ ಪೂರ್ತಿ ಹೋಗುತ್ತೆ, ಕೆಲವರಿಗೆ ಅರ್ಧ."

ಮಗಳು ಬಿ.ಎಸ್ಸಿ. ಓದುತ್ತಾಳೆ. ಆಪರೇಷನ್ ಹಿಂದಿನ ರಾತ್ರಿ ನನ್ನ ಭಯ ಕಳೆಯಲು ಒಂದು ಕತೆ ಹೇಳಿದಳು. ಈ ಆಪರೇಷನ್ನಿಗೆ ದಾರಿ ಹಾಕಿದವರು ರುಡಾಲ್ಫ್ ನಿಸೆನ್ ಅನ್ನುವ ಸರ್ಜನ್, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, 1955ರಲ್ಲಿ. ಅದೇ ನಿಸೆನ್ 1948ರಲ್ಲಿ ಅಮೆರಿಕದಲ್ಲಿ ಐನ್‌ಸ್ಟೈನ್ ಅವರ ಹೊಟ್ಟೆಯ ಮಹಾಧಮನಿ ಊದಿಕೊಂಡಿದ್ದಾಗ ಅದಕ್ಕೆ ಸೆಲೋಫೇನ್ ಹಾಳೆ ಸುತ್ತಿದವರು. ಐನ್‌ಸ್ಟೈನ್ ಆಮೇಲೆ ಆರು ವರ್ಷಕ್ಕೂ ಹೆಚ್ಚು ಬದುಕಿದರು. "ಸುತ್ತೋದರಲ್ಲಿ ಅವರ ಕೈ ಗಟ್ಟಿ ಅಪ್ಪ" ಅಂದಳು. ಆ ಮಾತು ಹಿಡಿದುಕೊಂಡೇ ಬೆಳಿಗ್ಗೆ ಥಿಯೇಟರಿಗೆ ಹೋದೆ.

ಎಚ್ಚರವಾದಾಗ ಹೊಟ್ಟೆಗಿಂತ ಬಲ ಭುಜ ಜಾಸ್ತಿ ನೋಯುತ್ತಿತ್ತು. ಹೊಟ್ಟೆಯಲ್ಲಿ ಐದು ಸಣ್ಣ ತೂತು, ಭುಜಕ್ಕೆ ಯಾಕೆ ನೋವು ಅಂತ ಹೆದರಿದೆ. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿ ಆಪರೇಷನ್ನಿಗೆ ಹೊಟ್ಟೆಯೊಳಗೆ ಗ್ಯಾಸ್ ತುಂಬುತ್ತಾರೆ. ಅದರಿಂದ ವಪೆ ಕೆರಳಿದರೆ ನೋವು ಭುಜದಲ್ಲಿ ಕಾಣಿಸುತ್ತದೆ ಅಂತ ನರ್ಸಮ್ಮ ಸಮಾಧಾನ ಹೇಳಿದರು. ಸಂಜೆಗೇ ನಡೆಸಿದರು. ಮೂರು ಗುಂಡಿನ ಉಸಿರಿನ ಯಂತ್ರ ಕೊಟ್ಟರು. ಗಾಳಿ ಒಳಗೆಳೆದರೆ ಗುಂಡುಗಳು ಮೇಲೇಳಬೇಕು. ಅವಕ್ಕೆ 600, 900, 1200 ಅಂತ ಗುರುತು, ನಂಬರ್ ಹೆಚ್ಚಿದಷ್ಟೂ ಜೋರಾಗಿ ಎಳೆಯಬೇಕು. ಮೊದಲ ದಿನ 600ರ ಗುಂಡು ಅಲುಗಾಡಿ ಕೂತಿತು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅಪ್ಪಿ ಹಿಡಿದು ಕೆಮ್ಮಬೇಕು. ವಾಂತಿ ಮಾತ್ರ ಆಗಲೇಬಾರದು, ಹೊಲಿಗೆಗೆ ಕೆಟ್ಟದ್ದು ಅಂತ ಅದಕ್ಕೆಂದೇ ಇಂಜೆಕ್ಷನ್ ಹಾಕುತ್ತಿದ್ದರು. ಮೂರನೇ ದಿನ ಕಾರಿನಲ್ಲಿ ಹಾಸನಕ್ಕೆ. ಅಷ್ಟು ವರ್ಷ ಓಡಾಡಿದ ದಾರಿಯಲ್ಲಿ ಎಷ್ಟು ಹಂಪ್ ಇವೆ ಅಂತ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತಾಗಲೇ ಗೊತ್ತಾಗಿದ್ದು.

ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಕೆಲಸ. ಹೊಸದಾಗಿ ಸುತ್ತಿದ ಜಾಗ ಊದಿಕೊಂಡಿರುತ್ತದೆ. ಅನ್ನ ಇಳಿಯುವ ದಾರಿ ಇಕ್ಕಟ್ಟಾಗಿರುತ್ತದೆ. ಎರಡು ವಾರ ಬರೀ ನೀರಿನಂಥದ್ದು. ಸೋಸಿದ ಗಂಜಿ, ಬೇಳೆ ಕಟ್ಟು, ಎಳನೀರು, ನೀರು ಮಜ್ಜಿಗೆ, ತೆಳ್ಳಗಿನ ರಾಗಿ ಅಂಬಲಿ. ದಿನಕ್ಕೆ ಆರೇಳು ಸಲ, ಪ್ರತಿ ಸಲ ಅರ್ಧ ಲೋಟ. ಮಾತ್ರೆಗಳನ್ನೂ ಪುಡಿ ಮಾಡಿಯೋ ಸಿರಪ್ಪಾಗಿಯೋ ಕೊಟ್ಟರು. ಯಾವ ಮಾತ್ರೆ ಪುಡಿ ಮಾಡಬಹುದು, ಯಾವುದು ಬಾರದು ಅಂತ ಆಸ್ಪತ್ರೆಯಲ್ಲೇ ಬರೆಸಿಕೊಂಡು ಬಂದಿದ್ದೆವು. ಮೂರನೇ ವಾರದಿಂದ ಮಿಕ್ಸಿಗೆ ಹಾಕಿದ ಅನ್ನ-ತಿಳಿಸಾರು, ಕುಂಬಳಕಾಯಿ, ಕಿವುಚಿದ ಬಾಳೆಹಣ್ಣು. ಒಟ್ಟು ಏಳು ಕೆಜಿ ಇಳಿದೆ.

ಇನ್ನು ಲೋಟದ ವಿಷಯ. ನಮ್ಮ ಮನೆಯಲ್ಲಿ ಲೋಟ ಕಚ್ಚಿ ಕುಡಿಯುವ ಹಾಗಿಲ್ಲ. ಎತ್ತಿ ಕುಡಿಯಬೇಕು. ಚಿಕ್ಕಂದಿನಲ್ಲಿ ತುಟಿ ತಾಗಿಸಿದರೆ "ಎಂಜಲು ಮಾಡಬ್ಯಾಡ" ಅಂತ ಅವ್ವ ತಲೆಗೆ ಮೊಟಕುತ್ತಿತ್ತು. ಬಸ್ಸಿನಲ್ಲೂ ಬಾಟಲಿ ಎತ್ತಿ ಗಟಗಟ ಸುರಿದುಕೊಂಡೇ ಅಭ್ಯಾಸ. ಹಾಗೆ ಎತ್ತಿ ಕುಡಿದಾಗ ನೀರಿನ ಜೊತೆ ಗಾಳಿಯೂ ಒಳಗೆ ಹೋಗುತ್ತದೆ. ಮೊದಲಾದರೆ ಆ ಗಾಳಿ ತೇಗಾಗಿ ಹೊರಗೆ ಬರುತ್ತಿತ್ತು. ಈಗ ಮೇಲಿನ ಬಾಗಿಲು ಬಿಗಿ. ತೇಗು ಬರುವುದಿಲ್ಲ. ಗಾಳಿ ಒಳಗೇ ಸುತ್ತುತ್ತದೆ, ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ. ಮೊದಲ ವಾರ ಇದು ಗೊತ್ತಿಲ್ಲದೆ ನಾಲ್ಕು ದಿನ ಒದ್ದಾಡಿದೆ. ಫೋನ್ ಮಾಡಿದಾಗ ಆಹಾರ ತಜ್ಞೆ ಕೇಳಿದ್ದು ಒಂದೇ ಮಾತು, "ನೀರು ಹೇಗೆ ಕುಡೀತೀರಿ?"

ಎಪ್ಪತ್ತನಾಲ್ಕು ವರ್ಷದ ಅವ್ವನಿಗೆ ಹೇಳಿದಾಗ ಏನೂ ಮಾತಾಡಲಿಲ್ಲ. ಸಂಜೆ ಒಂದು ಸ್ಟೀಲ್ ಲೋಟಕ್ಕೆ ಮೊಳೆಯಿಂದ ಸಣ್ಣ ಗೀರು ಹಾಕಿ ಗುರುತು ಮಾಡಿ, ತೊಳೆದು, ಉಗುರುಬೆಚ್ಚಗಿನ ನೀರು ತುಂಬಿಸಿ ತಂದುಕೊಟ್ಟಿತು. "ಇದು ನಿಂದೇ. ಕಚ್ಚೇ ಕುಡಿ ಮಗ" ಅಂತು. ಇವತ್ತಿಗೂ ಆ ಲೋಟ ನನ್ನ ಬ್ಯಾಗಿನಲ್ಲಿದೆ.

ಐದನೇ ವಾರದಲ್ಲಿ ನಡೆದದ್ದನ್ನು ವಿವರವಾಗಿ ಹೇಳಲೇಬೇಕು. ಸಂಕ್ರಾಂತಿಯ ಮಾರನೇ ದಿನ ತಂಗಿ ಮನೆಗೆ ಹೋಗಿದ್ದೆವು. ಅವರೆಕಾಯಿಯ ಕಾಲ. ಹಿತಕಿದ ಬೇಳೆ ಸಾರಿನ ಘಮ ಬೀದಿಗೇ ಬರುತ್ತಿತ್ತು. ಆಸ್ಪತ್ರೆಯ ಕಾರ್ಡಿನಲ್ಲಿ ಬ್ರೆಡ್ ಬೇಡ, ಚಪಾತಿ ಬೇಡ, ಮಾಂಸ ಬೇಡ ಅಂತ ಇತ್ತು. ಮುದ್ದೆಯ ಹೆಸರು ಇರಲಿಲ್ಲ. ಮುದ್ದೆ ಮೆತ್ತಗೇ ಇರುತ್ತದಲ್ಲ ಅಂದುಕೊಂಡೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದು. ಅಗಿದರೆ ಹಲ್ಲಿಗೆ ಅಂಟುತ್ತದೆ. ನಲವತ್ತಾರು ವರ್ಷ ಹಾಗೇ ತಿಂದವನು ನಾನು. ಕೈ ತಾನಾಗಿ ಮುರಿಯಿತು, ಗಂಟಲು ತಾನಾಗಿ ನುಂಗಿತು.

ಮೊದಲ ತುತ್ತು ಇಳಿಯಿತು. ಎರಡನೆಯದು ಎದೆಗೂಡಿನ ನಡುವೆ ನಿಂತಿತು. ಒಳಗಿನಿಂದ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಮೇಲೂ ಬಾರದು, ಕೆಳಗೂ ಹೋಗದು. ಬಾಯಿ ತುಂಬ ನೊರೆ ನೊರೆ ಜೊಲ್ಲು ಬರತೊಡಗಿತು, ಅದನ್ನು ನುಂಗಲೂ ಆಗುತ್ತಿಲ್ಲ. ತಂಗಿ ಗಾಬರಿಯಾಗಿ "ನೀರು ಕುಡಿಯಣ್ಣ" ಅಂತ ಚೊಂಬು ತಂದಳು. ನನ್ನ ಹೆಂಡತಿ ಆ ಚೊಂಬನ್ನು ಕೈಯಿಂದ ತಡೆದು ಆಸ್ಪತ್ರೆಗೆ ಫೋನ್ ಹಚ್ಚಿದಳು. ಉಸಿರಾಟ ಸರಿ ಇದೆಯಾ, ಮಾತಾಡಲು ಆಗುತ್ತಾ ಅಂತ ಮೊದಲು ಕೇಳಿದರು. ಆಗುತ್ತಿತ್ತು. ಮೇಲಿಂದ ನೀರು ಸುರಿಯಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ, ನೇರ ನಿಂತು ಮೆಲ್ಲಗೆ ನಡೆಯಲಿ, ಜೊಲ್ಲು ಉಗಿಯಲಿ, ಎರಡು ಗಂಟೆಯಲ್ಲಿ ಇಳಿಯದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ ಅಂದರು.

ತಂಗಿ ಮನೆಯ ಜಗಲಿಯಲ್ಲಿ ನಡೆದೆ. ಕಂಬದಿಂದ ಕಂಬಕ್ಕೆ ಎಂಟು ಹೆಜ್ಜೆ. ಕಂಬದ ಬುಡದಲ್ಲಿ ಹಬ್ಬದ ಕಬ್ಬಿನ ಜಲ್ಲೆ ಒರಗಿಸಿದ್ದರು. ಅದನ್ನೇ ನೋಡುತ್ತಾ ಹೋಗುವುದು, ಬರುವುದು. ಎಷ್ಟು ಸಲ ಅಂತ ಲೆಕ್ಕವಿಲ್ಲ. ನಲವತ್ತು ನಿಮಿಷದ ನಂತರ ಆ ಹೆಬ್ಬೆರಳು ಮೆಲ್ಲಗೆ ಕೆಳಗೆ ಜಾರಿತು. ಜಾರಿದ್ದು ಸ್ಪಷ್ಟವಾಗಿ ಗೊತ್ತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಂಗಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ತಪ್ಪು ಅವಳದಲ್ಲ. ಮಾರನೇ ದಿನ ಡಾಕ್ಟರಿಗೆ ತೋರಿಸಿದೆ. ಸುತ್ತು ಜಾರಿಲ್ಲ, ಹೊಲಿಗೆ ಸರಿಯಾಗಿದೆ ಅಂದರು. ಮುದ್ದೆ ತಿನ್ನುವ ನಾಡಿನವರಿಗೆ ಕೊಡುವ ಕಾರ್ಡಿನಲ್ಲಿ ಮುದ್ದೆಯ ಹೆಸರು ಇರಬೇಕು ಅಂತ ಹೇಳಿ ಬಂದಿದ್ದೇನೆ. ಈ ಆಪರೇಷನ್ ಮಾಡಿಸಿಕೊಳ್ಳುವ ಹಾಸನ, ಮಂಡ್ಯ, ತುಮಕೂರು ಕಡೆಯವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಮೆತ್ತಗಿರುವುದು ಬೇರೆ, ಅಗಿದದ್ದು ಬೇರೆ. ನಮ್ಮ ಡಾಕ್ಟರ್ ಒಪ್ಪುವ ತನಕ ನಾನು ರಾಗಿಯನ್ನು ಅಂಬಲಿಯಾಗಿಯೇ ಕುಡಿಯುತ್ತೇನೆ.

ಉಸಿರಿನ ಕತೆ ಇಷ್ಟು ಬೇಗ ಸರಿಹೋಗಲಿಲ್ಲ. ಮೊದಲ ಮೂರು ವಾರ ಕೆಮ್ಮು ಹಾಗೇ ಇತ್ತು. ಹುಳಿ ಬರುವುದು ಮೊದಲ ದಿನದಿಂದಲೇ ನಿಂತಿತ್ತು. ಹಾಗಿದ್ದರೂ ಕೆಮ್ಮು ಯಾಕೆ? ನಾನು ಆ "ಅರ್ಧ" ಗುಂಪಿನವನೇ ಅಂತ ರಾತ್ರಿಯೆಲ್ಲ ಯೋಚಿಸಿದೆ. ವರ್ಷಗಟ್ಟಲೆ ಸುಟ್ಟ ಗಂಟಲು ಆರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು ಅಂತ ಎದೆ ಡಾಕ್ಟರ್ ಹೇಳಿದರು. ಇನ್ಹೇಲರ್ ಅನ್ನು ನೀವಾಗಿ ನಿಲ್ಲಿಸಬೇಡಿ ಅಂತ ಗಟ್ಟಿಯಾಗಿ ಹೇಳಿದರು. ಉಸಿರಿನ ಮಾತ್ರೆಯನ್ನು ಅವರೇ ನಿಲ್ಲಿಸಿದರು. ಏಳನೇ ವಾರ ಒಂದು ಇನ್ಹೇಲರ್ ಕಡಿಮೆ ಮಾಡಿದರು. ಇನ್ನೊಂದು ಮುಂದಿನ ತಿಂಗಳ ಶ್ವಾಸ ಪರೀಕ್ಷೆ ಆದ ಮೇಲೆ ನೋಡೋಣ ಅಂದಿದ್ದಾರೆ.

ಮೂರು ಗುಂಡಿನ ಯಂತ್ರ ಟಿ.ವಿ. ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಎರಡನೇ ವಾರ 900 ಎದ್ದಿತು. ಆರನೇ ವಾರದ ಒಂದು ಭಾನುವಾರ 1200ರ ಗುಂಡು ಮೇಲೆದ್ದು, ತುದಿಗೆ ತಾಗಿ, ಒಂದು ಕ್ಷಣ ಅಲ್ಲೇ ನಿಂತಿತು. ಮಗಳು ಚಪ್ಪಾಳೆ ತಟ್ಟಿದಳು. ಅದೇ ವಾರ ಒಂದು ರಾತ್ರಿ ನನ್ನ ಹೆಂಡತಿ ಎರಡು ಗಂಟೆಗೆ ಎದ್ದು ನನ್ನ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳಂತೆ. ಸದ್ದೇ ಇಲ್ಲವಲ್ಲ ಅಂತ. ನಾನು ನಿದ್ದೆ ಮಾಡುತ್ತಿದ್ದೆ.

ಒಂಬತ್ತನೇ ವಾರ ಒಂದು ತೇಗು ಬಂತು. ಚಿಕ್ಕದು, ಹುಳಿಯಿಲ್ಲದ್ದು. ಮುಕ್ಕಾಲು ಸುತ್ತಿಗೆ ಇದೊಂದು ಅನುಕೂಲ, ಊತ ಇಳಿದ ಮೇಲೆ ಸ್ವಲ್ಪ ಗಾಳಿ ಹೊರಗೆ ಬಿಡುತ್ತದೆ. ಊಟ ಆದ ಮೇಲೆ ತೇಗುವುದು ಇಷ್ಟು ಸುಖದ ವಿಷಯ ಅಂತ ನನಗೆ ಗೊತ್ತಿರಲಿಲ್ಲ.

ಎಲ್ಲ ಸರಿಹೋಗಿದೆ ಅನ್ನುವುದಿಲ್ಲ. ಸಂಜೆ ಹೊಟ್ಟೆಯುಬ್ಬರ ಇದೆ. ಸೋಡಾ ಮುಟ್ಟುವ ಹಾಗಿಲ್ಲ. ಇಡ್ಲಿಯನ್ನೂ ಸಾಂಬಾರಿನಲ್ಲಿ ನೆನೆಸಿ, ಅಗಿದು ಅಗಿದು ತಿನ್ನಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರೂ ಎದ್ದರೂ ನಾನು ಕೂತೇ ಇರುತ್ತೇನೆ. ರಾತ್ರಿ ಏಳಕ್ಕೆ ಊಟ ಮುಗಿಸಿ ಮೂರು ಗಂಟೆ ಬಿಟ್ಟು ಮಲಗುತ್ತೇನೆ. ಭಾರ ಎತ್ತಬಾರದು ಅಂತ ಡಿಪೋದಲ್ಲಿ ನನಗೆ ಸದ್ಯಕ್ಕೆ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ನನ್ನ ಜೊತೆಯ ಡ್ರೈವರಣ್ಣ ದಿನವೂ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಕಿಟಕಿಯ ಹತ್ತಿರ ಬಂದು "ಯಾವತ್ತು ಬರ್ತೀಯಣ್ಣ?" ಅಂತ ಕೇಳಿ ಹೋಗುತ್ತಾನೆ. ಇನ್ನೆರಡು ವಾರ.

ಸಂಜೆ ಮಹಾರಾಜ ಪಾರ್ಕಿನಲ್ಲಿ ನಡೆಯುತ್ತೇನೆ. ಹೊಟ್ಟೆಯ ಗಾಳಿಗೆ ನಡಿಗೆಗಿಂತ ಒಳ್ಳೆಯ ಔಷಧಿ ಇಲ್ಲ. ಮೊನ್ನೆ ಒಂದು ಮರದ ಕೆಳಗೆ ಯಾರೂ ಇಲ್ಲದ್ದು ನೋಡಿ ನಿಂತೆ. ಉಸಿರು ತುಂಬಿಕೊಂಡು ಶುರು ಮಾಡಿದೆ. ಶಾಂತಿಗ್ರಾಮ, ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್. ಅಲ್ಲಿಗೆ ನಿಂತಿತು. ಕೆಮ್ಮು ಬರಲಿಲ್ಲ.